ಬಾವಿ ಅಳೆಯುವ ಕೆಲಸಕ್ಕೆ ಒಂದು ವೀಳ್ಯ

ಅದು 1979ನೇ ಇಸವಿ. ನಾನಾಗ ಎಂಟನೇ ಕ್ಲಾಸು. ನಮ್ಮದು ಸೂಳೆಕೆರೆಯ ನಾಲೆ ಪಕ್ಕದಲ್ಲೇ ಹರಿಯುವ ಹಳ್ಳಿ. ತ್ಯಾವಣಿಗೆಗೆ ಸೈಕಲ್ ತುಳಿದರೆ ಶರ್ಟಿನ ಬೆನ್ನು ಒದ್ದೆಯಾಗುವಷ್ಟು ದೂರ. ಹೈಸ್ಕೂಲಿಗೆ ಕಟ್ಟಡ ಇರಲಿಲ್ಲ. ಸೊಸೈಟಿಯ ಹಳೇ ಗೋಡೌನಿನಲ್ಲಿ ಪಾಠ. ಯೂರಿಯಾ ವಾಸನೆಯಲ್ಲಿ ಕೂತು ಓದಿದ್ದಕ್ಕೋ ಏನೋ, ನಾವೆಲ್ಲ ಬೇಗ ಬೇಗ ಬೆಳೆದೆವು. ಬುದ್ಧಿ ಮಾತ್ರ ಇದ್ದಲ್ಲೇ ಇತ್ತು.

ನನ್ನ ಹೆಸರು ಚಂದ್ರಪ್ಪನಾದರೂ ಊರಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಟೇಪ್‌ರೆಕಾರ್ಡು ಅಂತ. ಯಾರ ದನಿಯನ್ನು ಒಮ್ಮೆ ಕೇಳಿದರೂ ಸಾಕು, ಸಂಜೆಯ ಹೊತ್ತಿಗೆ ಅದು ನನ್ನ ಗಂಟಲಲ್ಲಿ ಇರುತ್ತಿತ್ತು. ಹೆಡ್‌ಮಾಸ್ಟರು, ಪೋಸ್ಟ್‌ಮ್ಯಾನು, ಕರು ಹಾಕಿದ ಎಮ್ಮೆ, ಯಾರನ್ನೂ ಬಿಟ್ಟವನಲ್ಲ. ಆದರೆ ಆ ವರ್ಷ ನನ್ನ ಗಂಟಲು ಒಡೆಯುತ್ತಿತ್ತು. ಹೆಡ್‌ಮಾಸ್ಟರ ಗಡಸು ದನಿಯಲ್ಲಿ ಶುರು ಮಾಡಿದ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ಮೊಟ್ಟೆ ಇಟ್ಟ ಕೋಳಿಯಂತೆ ಕೀರಲಾಗಿಬಿಡುತ್ತಿತ್ತು. ಇನ್ನೊಂದು ರೋಗವೂ ಇತ್ತು. ಹೆದರಿದಾಗ ನನ್ನ ದನಿ ಹೊರಗೆ ಬರುತ್ತಲೇ ಇರಲಿಲ್ಲ, ಯಾರದೋ ದನಿ ಬರುತ್ತಿತ್ತು. ಈ ಎರಡೂ ಸೇರಿ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿದವು ಅನ್ನುವುದೇ ಈ ಕತೆ.

ಆ ವರ್ಷ ನಮಗೆ ವಿಜ್ಞಾನಕ್ಕೆ ಮಲ್ಲೇಶಪ್ಪ ಮೇಷ್ಟ್ರು ಬಂದರು. ನ್ಯಾಮತಿ ಕಡೆಯವರು. ಸಣ್ಣ ಆಳು, ದೊಡ್ಡ ಕನ್ನಡಕ. ಮಾತು ಶುರು ಮಾಡುವ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಿದ್ದರು, ಬಸ್ಸು ಹೊರಡುವ ಮುಂಚೆ ಡ್ರೈವರು ಗುರ್ ಗುರ್ ಅನ್ನಿಸುತ್ತಾನಲ್ಲ, ಹಾಗೆ. ಅವರು ಬಂದ ವಾರದಲ್ಲೇ ನಾನು ಅದನ್ನು ಕಲಿತೆ. ಅವರು ಬಾಗಿಲಲ್ಲಿ ನಿಂತು ಅದನ್ನು ಕೇಳಿಸಿಕೊಂಡು, "ಚೆನ್ನಾಗೈತಪ್ಪ, ಆದ್ರೆ ನಾನು ಎರಡು ಸಲ ಮಾಡ್ತೀನಿ, ನೀನು ಒಂದೇ ಸಲ ಮಾಡ್ದೆ" ಅಂದು ಪಾಠ ಶುರು ಮಾಡಿದರು. ಅವತ್ತೇ ನಾನು ಅವರಿಗೆ ಸೋತೆ.

ಒಂದು ದಿನ ಅವರು ಕೇಳಿದರು: "ಕೆರೆ ತುಂಬಿದ್ರೆ ಊರ ಬಾವಿ ತುಂಬುತ್ತೆ ಅಂತೀರಲ್ಲ, ಯಾರಾದ್ರೂ ಅಳೆದು ನೋಡಿದ್ದೀರಾ?"

ಎಲ್ಲರೂ "ತುಂಬ್ತೈತೆ ಸಾರ್" ಅಂದೆವು. "ಅಳೆದಿದ್ದೀರಾ?" ಅಂದರು. ನಾನು, "ಈ ವರ್ಷ ಅಳೆದುಬಿಡಾನ ಸಾರ್, ಚನ್ನಗಿರಿ ವಸ್ತುಪ್ರದರ್ಶನಕ್ಕೆ ಇಡಾನ" ಅಂದೆ. ಆಗ ಹುಡುಗಿಯರ ಸಾಲಿನಿಂದ ಗಿರಿಜ ಎದ್ದಳು. ಕ್ಲಾಸಿನಲ್ಲಿ ಮೊದಲ ರ್‍ಯಾಂಕಿನವಳು, ಕಡಿಮೆ ಮಾತಿನವಳು. ಆಡಿದರೆ ಮಾತ್ರ ಎದುರಿನವನು ಹಲ್ಲಿಗೆ ಕಲ್ಲು ಸಿಕ್ಕವನಂತೆ ಕೂರಬೇಕು.

"ಒಂದು ವರ್ಷ ಅಳೆದ್ರೆ ಆ ವರ್ಷ ಮಳೆ ಹೆಂಗಿತ್ತು ಅಂತ ಗೊತ್ತಾಗ್ತೈತೆ ಸಾರ್. ಬಾವಿ ಹೆಂಗೆ ಅಂತ ಗೊತ್ತಾಗಾಕೆ ಒಳ್ಳೇ ಮಳೇದೂ ಬೇಕು, ಕೆಟ್ಟ ಮಳೇದೂ ಬೇಕು. ಮೂರು ವರ್ಷನಾದ್ರೂ ನೋಡಬೇಕು."

ಮೇಷ್ಟ್ರು ಎರಡು ಸಲ ಗಂಟಲು ಸರಿಮಾಡಿಕೊಂಡರು. ಆಮೇಲೆ ಮೂರನೇ ಸಲವೂ. ಅಷ್ಟು ಖುಷಿಯಾಗಿತ್ತು ಅವರಿಗೆ.

ಹೀಗೆ ಎಂಟು, ಒಂಬತ್ತು, ಹತ್ತು, ಮೂರೂ ಕ್ಲಾಸು ಮುಗಿಯುವವರೆಗಿನ ಸಂಶೋಧನೆ ಅಂತ ತೀರ್ಮಾನವಾಯಿತು. ನಾವು ಅದನ್ನು ಕರೆದದ್ದು 'ಬಾವಿ ಕೆಲಸ' ಅಂತ. ಮಾರನೇ ದಿನವೇ ಹಗ್ಗ ತಂದು ನಿಂತೆ ನಾನು. ಮೇಷ್ಟ್ರು ಹಗ್ಗ ಕಿತ್ತುಕೊಂಡು ಮೂಲೆಗೆ ಎಸೆದರು. "ಮೊದಲು ಯೋಚನೆ. ಆಮೇಲೆ ಹಗ್ಗ." ಒಂದು ತಿಂಗಳು ನಾವು ಯಾವ ಬಾವಿಯನ್ನೂ ಇಣುಕಲಿಲ್ಲ! ಶಾಲೆ ಬಿಟ್ಟ ಮೇಲೆ ಗೋಡೌನಿನ ನೆಲದ ಮೇಲೆ ದೊಡ್ಡ ಕಂದು ಕಾಗದ ಹರಡಿಕೊಂಡು, ಸುತ್ತ ಕೂತು, ಬರೀ ತಕರಾರು. ಯಾವ ಯಾವ ಬಾವಿ? ದಿನದ ಯಾವ ಹೊತ್ತು? ಹೆಂಗಸರು ನೀರು ಸೇದುವುದಕ್ಕೆ ಮುಂಚೆಯೇ ಅಳೆಯಬೇಕು ಅಂದಳು ಗಿರಿಜ, ಸೇದಿದ ಮೇಲೆ ಅಳೆದರೆ ಅದು ಕೆರೆಯ ಲೆಕ್ಕವಲ್ಲ, ಕೊಡದ ಲೆಕ್ಕ. ಹಾಗಾದರೆ ಬೆಳಗಿನ ಜಾವ ಬಾವಿಕಟ್ಟೆಗೆ ಹೋಗುವವರು ಯಾರು? ಗಂಡುಹುಡುಗರು ಹೋದರೆ ನೀರಿನ ಆಳ ತಿಳಿಯುವ ಮೊದಲು ನಮ್ಮ ಬೆನ್ನಿನ ಬಲ ತಿಳಿಯುತ್ತಿತ್ತು. ಬೇಸಿಗೆಯಲ್ಲಿ ಬಾವಿ ಬತ್ತಿದರೆ? "ಬತ್ತಿದೆ ಅಂತ ಬರೀರಿ. ಅದೂ ಉತ್ತರವೇ" ಅಂದರು ಮೇಷ್ಟ್ರು. ನಾನು ಕೈ ಎತ್ತಿ, "ನಡುವೆ ಯಾರಾದ್ರೂ ಫೇಲಾದ್ರೆ ಸಾರ್?" ಅಂದೆ. ಎಲ್ಲರೂ ನನ್ನ ಕಡೆಯೇ ನೋಡಿದರು. ಅದು ಸಾಮಾನ್ಯ ಪ್ರಶ್ನೆ ಅಂತ ನಾನು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ.

ಕೊನೆಗೆ ಯಾವ ವರ್ಷ ಯಾರ ಕೆಲಸ ಏನು ಅಂತ ಕಾಗದದ ಮೇಲೆ ಗೆರೆ ಎಳೆದು, ವರ್ಷಕ್ಕೊಂದು ಮನೆ ಮಾಡಿ ಬರೆಯುವ ದಿನ ಬಂತು. ಬೆಳಗಿನ ಬಾವಿಕಟ್ಟೆ ಕೆಲಸವೆಲ್ಲ ಗಿರಿಜಳ ಹೆಸರಿಗೇ ಬರಬೇಕು, ಉಳಿದ ಹುಡುಗಿಯರೆಲ್ಲ ಪಕ್ಕದ ಊರುಗಳಿಂದ ಬರುವವರು. ಎಂಟನೇ ಕ್ಲಾಸಿನ ಮನೆಯಲ್ಲಿ ಅವಳ ಹೆಸರು ಬರೆದ ಮೇಷ್ಟ್ರು ಒಂಬತ್ತರ ಮನೆಗೆ ಪೆನ್ನು ತಂದರು. ಗಿರಿಜ ಕಾಗದದ ಮೇಲೆ ಕೈ ಇಟ್ಟಳು.

"ಅಲ್ಲಿ ಬರೀಬೇಡಿ ಸಾರ್. ನನ್ನ ಓದು ಈ ವರ್ಷಕ್ಕೆ ಸಾಕು ಅಂದಾರೆ ನಮ್ಮಪ್ಪ. ಜಗಳೂರ ಕಡೇದು ಒಂದು ಸಂಬಂಧ ಮಾತಾಡ್ತಾ ಅವ್ರೆ."

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು. ಅವಳಿಗೆ ಆಗ ಹದಿನಾಲ್ಕು ತುಂಬಿತ್ತೋ ಇಲ್ಲವೋ. ಮೂರು ವರ್ಷ ಬೇಕು ಅಂದವಳೇ ಅವಳು, ಆ ಮೂರರಲ್ಲಿ ಎರಡು ವರ್ಷ ಅವಳೇ ಇಲ್ಲ. ಮೇಷ್ಟ್ರು ಅವತ್ತೇ ಸಂಜೆ ಅವಳ ಅಪ್ಪ ಸಿದ್ದಪ್ಪನವರನ್ನು ಗದ್ದೆಯಲ್ಲೇ ಕಂಡು ಮಾತಾಡಿದರು. ಅವರು "ಆತು ಮೇಷ್ಟ್ರೇ, ನೋಡಾನ" ಅಂದರಂತೆ. ನಮ್ಮ ಕಡೆ "ನೋಡಾನ" ಅಂದರೆ ನೋಡುವುದಿಲ್ಲ ಅಂತ.

ಆಗ ನನಗೊಂದು ಭಾರಿ ಐಡಿಯಾ ಹೊಳೆಯಿತು. ನಮ್ಮೂರಲ್ಲಿ ನಾಟಕ ಕಲಿಸುವ ಮೇಷ್ಟ್ರಾಗಲಿ, ವಾದ್ಯದವರಾಗಲಿ, ಮದುವೆ ಅಡುಗೆಯವರಾಗಲಿ, ಮಾತು ಗಟ್ಟಿ ಮಾಡುವುದು ವೀಳ್ಯ ಕೊಟ್ಟು. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಒಂದು ತೆಂಗಿನಕಾಯಿ. ಅದನ್ನು ಹಿಡಿದವರು ಆಮೇಲೆ ಆಗುವುದಿಲ್ಲ ಅನ್ನುವ ಹಾಗಿಲ್ಲ. ಅಂದ ಮೇಲೆ ಬಾವಿ ಕೆಲಸಕ್ಕೂ ವೀಳ್ಯ ಕೊಟ್ಟರೆ ಮುಗಿಯಿತಲ್ಲ! ಮೇಷ್ಟ್ರಿಗೆ ಹೇಳಿದರೆ ಬೇಡ ಅಂದಾರು ಅಂತ ಹೇಳಲಿಲ್ಲ. ಗೆಳೆಯ ಮಂಜನಿಗೆ ಮಾತ್ರ ಹೇಳಿದೆ. ಅವನು ಪಕ್ಕದ ಊರಿನವನು, ನಮ್ಮ ಕ್ಲಾಸಿನ ಕರೆಂಟು ಕಂಬ. ನೋಡಲು ದೊಡ್ಡವನಂತೆ ಇರಲಿ ಅಂತ ಅವರಣ್ಣನ ಪಂಚೆ, ಇಸ್ತ್ರಿ ಮಾಡಿದ ಶರ್ಟು ಹಾಕಿಸಿ ಕರೆದುಕೊಂಡು ಹೊರಟೆ. ಭಾನುವಾರ, ಬಿಸಿಲು ಇಳಿಯುವ ಹೊತ್ತು. ಹುಡುಗಿ ಇರುವ ಮನೆಗೆ ತಟ್ಟೆ ಹಿಡಿದುಕೊಂಡು ಹೋದರೆ ನೋಡಿದವರು ಏನಂದುಕೊಳ್ಳುತ್ತಾರೆ ಅನ್ನುವುದು, ನನ್ನ ಆಣೆಗೂ, ನಮ್ಮ ಇಬ್ಬರ ತಲೆಗೂ ಹೊಳೆಯಲಿಲ್ಲ. ಒಂದು ತಿಂಗಳು ಕಾಗದ ಹರಡಿಕೊಂಡು ಯೋಚನೆ ಮಾಡುವುದನ್ನು ಕಲಿತವರು ನಾವು!

ಜಗುಲಿಯ ಮೇಲೆ ಗಿರಿಜಳ ಅಜ್ಜಿ, ಗೌರಜ್ಜಿ, ಕೂತಿದ್ದರು. ಕಣ್ಣಿಗೆ ಪೊರೆ. ಬಾಯಲ್ಲಿ ಒಂದೂ ಹಲ್ಲಿಲ್ಲ. ಪಕ್ಕದಲ್ಲಿ ಎಲೆಅಡಿಕೆ ಕುಟ್ಟಿಕೊಳ್ಳುವ ಸಣ್ಣ ಕುಟ್ಟಾಣಿ.

"ಯಾರಪ್ಪಾ ಅದು?"

ಹೆದರಿದಾಗ ನನ್ನ ದನಿ ಬರುವುದಿಲ್ಲ ಅಂದೆನಲ್ಲ. ಹೊರಗೆ ಬಂದದ್ದು ಹೊನ್ನಾಳಿಯ ನಮ್ಮ ತಿಪ್ಪೇಶಿ ಮಾವನ ದನಿ. ನಮ್ಮ ಮಾವನಿಗೆ ಊರೂರಿಗೂ ಸಂಬಂಧ ಕೂಡಿಸುವ ಹುಚ್ಚು. ಅವನ ಜೊತೆ ಬಾಳೆಹಣ್ಣಿನ ಆಸೆಗೆ ಎಷ್ಟೋ ಮನೆಗೆ ಹೋಗಿದ್ದ ನನಗೆ, ಕೈಯಲ್ಲಿ ತಟ್ಟೆ ಹಿಡಿದು ಆಡುವ ಮಾತು ಅಂದರೆ ಅದೊಂದೇ ಗೊತ್ತಿದ್ದದ್ದು.

"ನಾವು ತಾಯೀ. ನಿಮ್ಮ ಮನೆತನ ಒಳ್ಳೇದು ಅಂತ ಕೇಳಿ ಒಂದು ಮಾತಾಡಿ ಹೋಗಾಕೆ ಬಂದೀವಿ. ಹಿರಿಯರು ಬ್ಯಾಡ ಅನ್ನಬಾರದು."

"ಅಯ್ಯೋ, ಬರ್ರಪ್ಪಾ ಬರ್ರಿ, ಕುಂದರ್ರಿ" ಅಂದ ಗೌರಜ್ಜಿ ಎರಡೂ ಕೈ ಚಾಚಿ ತಟ್ಟೆ ತಗೊಂಡು ತೊಡೆಯ ಮೇಲಿಟ್ಟುಕೊಂಡರು. "ಗಿರಿಜೀ, ನೀರು ತಗಂಬಾರೇ!"

ನೀರಿನ ಚೊಂಬು ಹಿಡಿದು ಬಂದ ಗಿರಿಜ ನಮ್ಮಿಬ್ಬರನ್ನೂ ನೋಡಿ ಹೊಸಿಲ ಮೇಲೆ ಕಂಬವಾದಳು. ಎದುರು ಮನೆಯಿಂದ ಒಬ್ಬರು ಇಣುಕಿದರು. ಪಕ್ಕದ ಮನೆಯಿಂದ ಇಬ್ಬರು. ನೋಡುನೋಡುತ್ತ ಬೀದಿಯೇ ಸೇರಿತು. "ಗಿರಿಜನ್ನ ನೋಡಾಕೆ ಬಂದಾರಂತೆ ಕಣೇ." "ಗಂಡು ಯಾರು?" "ಅಕಾ ಅಲ್ಲಿ, ಪಂಚೆ ಉಟ್ಕಂಡು ಕುಂತೈತಲ್ಲ. ಸ್ವಲ್ಪ ಜಾಸ್ತೀನೇ ಉದ್ದ ಐತೆ ಬಿಡು." ಮಂಜನ ಮುಖ ಬೆವರಿಗೆ ಹೊಳೆಯತೊಡಗಿತು. "ಲೇ, ನಾನು ಗಂಡಾ?" ಅಂತ ಕಿವಿಯಲ್ಲಿ ಕೇಳಿದ. ಅಷ್ಟು ಹೊತ್ತಿಗೆ ನನಗೂ ಎಲ್ಲ ಅರ್ಥವಾಗಿತ್ತು. ಓಡೋಣ ಅಂದರೆ ಬೀದಿ ತುಂಬ ಜನ.

ಅದೇ ಹೊತ್ತಿಗೆ ಸಿದ್ದಪ್ಪನವರು ಎತ್ತು ಹೊಡೆದುಕೊಂಡು ಗದ್ದೆಯಿಂದ ಬಂದರು. ಬೀದಿಯಲ್ಲೇ ಯಾರೋ ಸುದ್ದಿ ಮುಟ್ಟಿಸಿದ್ದರು. ಜಗಳೂರಿನವರೇ ಹೇಳದೆ ಕೇಳದೆ ಬಂದುಬಿಟ್ಟರು ಅಂದುಕೊಂಡು ಹಿತ್ತಲ ಕಡೆಯಿಂದ ಹೋಗಿ, ಕೈಕಾಲು ತೊಳೆದು, ಟವಲಿನಲ್ಲಿ ಮುಖ ಒರೆಸಿಕೊಂಡು, "ಬರ್ರಿ ಬರ್ರಿ, ಭಾಳ ಹೊತ್ತಾತಾ ಬಂದು?" ಅನ್ನುತ್ತ ಕೈಮುಗಿದು ಜಗುಲಿಗೆ ಬಂದರು. ಎದುರಿಗೆ ಕೂತವರು ನಾವು. ಮುಗಿದ ಕೈ ಹಾಗೇ ನಿಂತಿತು.

"ಏನ್ರಲೇ ಇದು?"

"ನಾವು, ಅದೂ, ಬಾವಿ..." ಅಂದೆ. ಮಾವನ ದನಿಯಲ್ಲಿ ಶುರುವಾದದ್ದು ಕೋಳಿಯ ದನಿಯಲ್ಲಿ ಮುಗಿಯಿತು. ಬೀದಿಯೆಲ್ಲ ಗೊಳ್ಳೆಂದಿತು. ಸಿದ್ದಪ್ಪನವರ ಮುಖ ಕೆಂಪಾಯಿತು. ನಗುವವರ ಮುಂದೆ ಕೈಮುಗಿದು ನಿಂತದ್ದಕ್ಕೆ ಅವರಿಗೆ ಬಂದ ಸಿಟ್ಟು ಸಣ್ಣದಲ್ಲ. ಗೋಡೆಗೆ ಒರಗಿಸಿದ್ದ ಬಾರುಕೋಲಿಗೆ ಕೈ ಹಾಕಿದರು. ಮಂಜ ಎದ್ದ. ಪಂಚೆ ಎದ್ದೇಳಲಿಲ್ಲ. ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಕುಸಿದ.

"ಅವ್ವಾ, ಆ ತಟ್ಟೆ ವಾಪಸ್ ಬಿಸಾಕು ಅವರ ಮುಖಕ್ಕೆ!"

ಗೌರಜ್ಜಿ ಅಷ್ಟರಲ್ಲಿ ತಟ್ಟೆಯಿಂದ ಒಂದು ಎಲೆ ತಗೊಂಡು ತೊಟ್ಟು ಮುರಿದು ಸುಣ್ಣ ಸವರುತ್ತಿದ್ದರು. "ತಡಿಯೋ. ಹುಡುಗರು ಮನೆಗೆ ಬಂದಾರೆ. ಏನಕ್ಕೆ ಅಂತ ಕೇಳಬ್ಯಾಡವಾ?" ಅಂದು ಎಲೆ, ಅಡಿಕೆ ಎರಡನ್ನೂ ಕುಟ್ಟಾಣಿಗೆ ಹಾಕಿದರು.

ಹೊಸಿಲ ಮೇಲಿಂದ ಗಿರಿಜಳೇ ಮಾತಾಡಿದಳು. ಅಪ್ಪನ ಮುಖ ನೋಡಲಿಲ್ಲ, ಅಜ್ಜಿಗೇ ಹೇಳಿದಳು. ಕೆರೆಗೂ ಬಾವಿಗೂ ಏನು ನಂಟು ಅಂತ ನೋಡುವುದು, ಒಂದು ವರ್ಷ ನೋಡಿದರೆ ಸಾಲದು, ಹತ್ತನೇ ಕ್ಲಾಸು ಮುಗಿಯುವವರೆಗೂ ನೋಡಬೇಕು, ಬೆಳಗಿನ ಜಾವ ಬಾವಿಕಟ್ಟೆಗೆ ಹೋಗಲು ತಾನೇ ಬೇಕು ಅಂತ. ನಡುವೆ ಕುಟ್ಟಾಣಿ ಟಕ್ ಟಕ್ ಅನ್ನುತ್ತಲೇ ಇತ್ತು.

"ಮೂರು ವರ್ಷ ನೋಡಾಕೆ ಬಾವಿಯಾಗೆ ಏನೈತೇ?"

"ಗೊತ್ತಿಲ್ಲಜ್ಜಿ. ಗೊತ್ತಿದ್ರೆ ಯಾಕೆ ನೋಡ್ತಿದ್ವಿ?"

ಟಕ್ ಟಕ್ ನಿಂತಿತು. ಮತ್ತೆ ಶುರುವಾಯಿತು.

"ಅವ್ವಾ, ಜಗಳೂರಿನೋರಿಗೆ ನಾನು ಮಾತು ಕೊಟ್ಟೀನಿ" ಅಂದರು ಸಿದ್ದಪ್ಪನವರು. ದನಿ ತಗ್ಗಿತ್ತು.

"ವೀಳ್ಯ ಕೊಟ್ಟೀಯೇನು?"

"ವೀಳ್ಯ ಇನ್ನೂ ಇಲ್ಲ."

"ಹಂಗಾದ್ರೆ ಅದು ಬರೀ ಮಾತು. ಇವ್ರು ವೀಳ್ಯನೇ ತಂದಾರೆ." ಗೌರಜ್ಜಿ ಕುಟ್ಟಾಣಿಯನ್ನು ಬೋರಲು ಹಾಕಿ, ಕುಟ್ಟಿದ್ದನ್ನು ಅಂಗೈಗೆ ತಗೊಂಡು, ಬೀದಿಗೆಲ್ಲ ಕಾಣುವ ಹಾಗೆ ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಒಸಡಲ್ಲೇ ಜಗಿದರು. "ಹಾಕ್ಕಂಡೆ. ಇನ್ನೇನು, ಉಗುಳ್ಲೇನು?"

ಯಾರೂ ನಗಲಿಲ್ಲ. ಸಿದ್ದಪ್ಪನವರು ಬಾರುಕೋಲು ಗೋಡೆಗೆ ಒರಗಿಸಿ, "ಒಂಬತ್ತನೇ ಕ್ಲಾಸು ಒಂದು ಓದ್ಲಿ. ಆಮೇಲಿಂದು ಆಮೇಲೆ. ನೋಡಾನ" ಅಂದು ಎತ್ತು ಕಟ್ಟಲು ಹೋದರು. ಮತ್ತೆ ಅದೇ "ನೋಡಾನ." ಆದರೂ ಒಂದು ವರ್ಷ ಗೆದ್ದಿತ್ತು.

ಮಾರನೇ ದಿನ ಮೇಷ್ಟ್ರಿಗೆ ಸುದ್ದಿ ಮುಟ್ಟಿತು. ಅವರು ಬೋರ್ಡಿನ ಕಡೆ ತಿರುಗಿ ಬಹಳ ಹೊತ್ತು ಏನನ್ನೋ ಒರೆಸುತ್ತಿದ್ದರು. ಬೋರ್ಡಿನ ಮೇಲೆ ಏನೂ ಬರೆದಿರಲಿಲ್ಲ. ಭುಜ ಮಾತ್ರ ಕುಣಿಯುತ್ತಿತ್ತು. ತಿರುಗಿದಾಗ ಮುಖ ಗಂಟಿಕ್ಕಿಕೊಂಡು, "ಯೋಜನೆಯಲ್ಲಿ ಇದನ್ನ ಎಲ್ಲಿ ಬರೆದಿದ್ವೋ?" ಅಂದರು. ಒಂಬತ್ತನೇ ಕ್ಲಾಸಿನ ಮನೆಯಲ್ಲಿ ಗಿರಿಜಳ ಹೆಸರು ಬಂತು. ಹತ್ತರ ಮನೆ ಹಾಗೇ ಖಾಲಿ ಉಳಿಯಿತು.

ಬಾವಿ ಕೆಲಸ ಶುರುವಾಯಿತು. ಕಲ್ಲು ಕಟ್ಟಿ, ಗಂಟು ಹಾಕಿದ ಹಗ್ಗ ಕೊಡಲು ನಾನು ಒಂದು ದಿನ ಗಿರಿಜಳ ಮನೆಗೆ ಹೋದೆ. ಗೌರಜ್ಜಿ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ಅವತ್ತು ನಿಮ್ಮ ಮಾವನ ದನಿ ಮಾಡ್ದೆಯಲ್ಲ, ಚೆಂದ ಇತ್ತು. ಆದ್ರೆ ತಿಪ್ಪೇಶಿಗೆ ಬೀಡಿ ಕೆಮ್ಮು ಐತೆ. ಎರಡು ಮಾತಿಗೆ ಒಂದು ಸಲ ಕೆಮ್ತಾನೆ. ನೀನು ಕೆಮ್ಮಲೇ ಇಲ್ಲ."

"ಅಂದ್ರೆ ಅಜ್ಜೀ, ನಾನು ಅಂತ ಮೊದ್ಲೇ ಗೊತ್ತಿತ್ತಾ?"

"ಕಣ್ಣಿಗಲ್ಲವೇನೋ ಪೊರೆ ಬಂದಿರೋದು? ಕಿವಿಗೆ ಬಂದಿಲ್ಲ" ಅಂದವರು ಕುಟ್ಟಾಣಿ ಎಳೆದುಕೊಂಡರು. "ಗೊತ್ತಿದ್ದೂ ತಗಂಡೆ ಅಂತ ಸಿದ್ದನಿಗೆ ಹೇಳೀಯಾ ಮತ್ತೆ. ನಾನೂ ಹದಿಮೂರಕ್ಕೆ ಬಂದೋಳು ಈ ಮನೆಗೆ."

ಊರಿಗೆಲ್ಲ ಆಟ ಆಡಿಸುವವನು ನಾನು ಅಂದುಕೊಂಡಿದ್ದೆ. ಅವತ್ತು ಸೀದಾ ಮನೆಗೆ ಬಂದು ಯಾರ ದನಿಯನ್ನೂ ಮಾಡದೆ ಊಟ ಮಾಡಿ ಮಲಗಿದೆ. ಮೈ ಹುಷಾರಿಲ್ಲವೇನೋ ಅಂತ ಅವ್ವ ಹಣೆ ಮುಟ್ಟಿ ನೋಡಿದಳು.

ಒಂಬತ್ತನೇ ಕ್ಲಾಸು ಮುಗಿಯುತ್ತ ಬಂತು. ಸಿದ್ದಪ್ಪನವರು ಒಮ್ಮೆಯೂ ನಮ್ಮ ಕೆಲಸದ ಬಗ್ಗೆ ಮಾತೆತ್ತಿರಲಿಲ್ಲ. ಜಗಳೂರಿನವರ ಸುದ್ದಿ ಬಿದ್ದುಹೋಯಿತು ಅಂತ ಒಬ್ಬರು, ಬೇಸಿಗೆಗೆ ಮತ್ತೆ ಬರುತ್ತಾರಂತೆ ಅಂತ ಇನ್ನೊಬ್ಬರು. ಗಿರಿಜಳನ್ನು ಕೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ. ಅವಳೂ ಹೇಳುತ್ತಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ಅಳತೆ ತಂದು ಮೇಷ್ಟ್ರ ಮೇಜಿನ ಮೇಲಿಟ್ಟು ಹೋಗಿ ಕೂರುತ್ತಿದ್ದಳು.

ಮಾರ್ಚಿನಲ್ಲಿ ಅವಳಿಗೆ ಜೋರು ಜ್ವರ ಬಂತು. ಅಳತೆಯ ದಿನ ಅವಳ ಜಾಗ ಖಾಲಿ. ಹೋಯಿತು ಈ ಸಲದ ಲೆಕ್ಕ ಅಂದುಕೊಳ್ಳುವಷ್ಟರಲ್ಲಿ ಗೋಡೌನಿನ ಬಾಗಿಲಲ್ಲಿ ಸಿದ್ದಪ್ಪನವರು ಬಂದು ನಿಂತರು. ಹೆಗಲ ಮೇಲೆ ಟವಲು, ಕೈಯಲ್ಲಿ ಗದ್ದೆಯ ಕೆಸರು ಒಣಗಿತ್ತು. ಒಳಗೆ ಬರಲಿಲ್ಲ.

"ಮೇಷ್ಟ್ರೇ, ಹುಡುಗಿಗೆ ಜ್ವರ. ರಾತ್ರಿಯಿಂದ ಬಾವಿ ಬಾವಿ ಅಂತ ಕನವರಿಸ್ತಾ ಐತೆ. ನಿಮ್ಮ ಗಂಟಿನ ಹಗ್ಗ ನಂಗೆ ತಿಳೀಲಿಲ್ಲ, ಹಿತ್ತಲ ಬಾವಿಗೆ ನಮ್ಮ ಸೇದೋ ಹಗ್ಗನೇ ಬಿಟ್ಟು ನೋಡೀನಿ. ಹನ್ನೊಂದು ಮೊಳ ಆತು."

"ಯಾರ ಮೊಳ?" ಅಂದರು ಮೇಷ್ಟ್ರು.

"ಯಾರದು ಅಂದ್ರೆ? ನಂದೇ!"

ಮೇಷ್ಟ್ರು ಎರಡು ಸಲ ಗಂಟಲು ಸರಿಮಾಡಿಕೊಂಡು ನನ್ನ ಕೈಗೆ ಟೇಪು ಕೊಟ್ಟರು. "ಚಂದ್ರಪ್ಪ, ಹೋಗಿ ಅವರ ಮೊಳ ಅಳ್ಕಂಡು ಬಾ." ಮೊಳವನ್ನು ಮೀಟರು ಮಾಡಬೇಕಿತ್ತಲ್ಲ. ಬೇರೆ ಯಾರನ್ನಾದರೂ ಕಳಿಸಬಹುದಿತ್ತು. ಬೇಕೆಂದೇ ನನ್ನನ್ನು ಕಳಿಸಿದರು.

ಹೊರಗೆ ಸಿದ್ದಪ್ಪನವರು ಕಟ್ಟೆಯ ಮೇಲೆ ಕೂತು, ಶರ್ಟಿನ ತೋಳು ಮಡಿಚಿ, ದರ್ಜಿಗೆ ಅಳತೆ ಕೊಡುವವರಂತೆ ಕೈ ಚಾಚಿದರು. ನಾನು ಟೇಪಿನ ಯಾವ ತುದಿ ಮೊದಲು ಅಂತ ಹುಡುಕುತ್ತ ನಿಂತೆ.

"ಗಾಬರಿ ಯಾಕಲೇ? ಹಿಡಿ."

ಮೊಣಕೈಯಿಂದ ನಡುಬೆರಳ ತುದಿಯವರೆಗೆ ಟೇಪು ಹಿಡಿದೆ. ಬೆರಳು ಮಡಿಚಿಕೊಂಡಿತ್ತು. ಅವರೇ ಅದನ್ನು ಇನ್ನೊಂದು ಕೈಯಿಂದ ಒತ್ತಿ ನೆಟ್ಟಗೆ ಮಾಡಿದರು.

"ಸರಿಯಾಗಿ ನೋಡ್ಕಂಡು ಬರ್ಕ. ಮುಂದಿನ ವರ್ಷನೂ ಬೇಕಾಗ್ತೈತೆ. ಹತ್ತನೇ ಕ್ಲಾಸಂತೆ, ಭಾಳ ಓದಾದಿರ್ತೈತಂತೆ ಅವ್ಳಿಗೆ. ಅವಾಗ ಬಾವಿ ನಾನೇ ನೋಡ್ತೀನಿ."

ನಾನು ಹೂಂ ಅಂದೆ. ಬಂದದ್ದು ನನ್ನದೇ ದನಿ. ಅವರು ತೋಳು ಇಳಿಸಿಕೊಂಡು, ಟವಲು ಕೊಡವಿ, ಗದ್ದೆ ಕಡೆ ಹೋದರು. ನಾನು ಒಳಗೆ ಓಡಿ ಅಳತೆ ಹೇಳುವ ಬದಲು, "ಸಾರ್, ಹತ್ತರ ಮನೇಲಿ ಹೆಸರು ಬರೀರಿ ಸಾರ್" ಅಂತ ಕಿರುಚಿದೆ. ಕ್ಲಾಸಿಗೆ ಮೊದಲು ಏನೂ ತಿಳಿಯಲಿಲ್ಲ. ಮೇಷ್ಟ್ರಿಗೆ ತಿಳಿಯಿತು.

ಮೂರು ವರ್ಷಕ್ಕೆ ನಮಗೆ ಗೊತ್ತಾದದ್ದು ಇಷ್ಟು: ನಾಲೆ ಪಕ್ಕದ ಬಾವಿಗಳು ಕೆರೆಯಿಂದ ನಾಲೆಗೆ ನೀರು ಬಿಟ್ಟ ಕೆಲವು ದಿನಕ್ಕೆ ಏರುತ್ತವೆ, ಸಿದ್ದಪ್ಪನವರ ಹಿತ್ತಲ ಬಾವಿ ಮಾತ್ರ ನಾಲೆಗೆ ಎಲ್ಲಕ್ಕಿಂತ ಹತ್ತಿರವಿದ್ದೂ ನಾಲೆಯನ್ನು ಕ್ಯಾರೇ ಅನ್ನುವುದಿಲ್ಲ. ಯಾಕೆ ಅಂತ ಈಗಲೂ ಗೊತ್ತಿಲ್ಲ. ಚನ್ನಗಿರಿಯ ಪ್ರದರ್ಶನದಲ್ಲಿ ನಮಗೆ ಬಹುಮಾನವೂ ಬರಲಿಲ್ಲ. ಹೊಗೆ ಉಗುಳುವ ಜ್ವಾಲಾಮುಖಿ ಮಾಡಿದವರಿಗೆ ಬಂತು. ಗಿರಿಜ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸು. ನಾನು ಪಾಸು, ಅಷ್ಟೇ ಹೇಳುತ್ತೇನೆ.

ಇದೆಲ್ಲ ಆಗಿ ಏಳೆಂಟು ವರ್ಷವಾಯಿತು. ಈಗ ನಾನು ಹೊನ್ನಾಳಿಯಲ್ಲಿ ಹಗಲು ಅಂಗಡಿ ಕೆಲಸ ಮಾಡಿಕೊಂಡು ಸಂಜೆ ಆರ್ಕೆಸ್ಟ್ರಾದವರ ಜೊತೆ ಮಿಮಿಕ್ರಿ ಮಾಡುತ್ತೇನೆ. ಜನ ಚಪ್ಪಾಳೆ ತಟ್ಟುತ್ತಾರೆ, ಕೆಲವು ಸಲ ಬಯ್ಯುತ್ತಾರೆ. ಎರಡೂ ನನಗೆ ರೂಢಿಯಾಗಿದೆ. ಆದರೆ ಬಿಸಿಲಲ್ಲಿ ಚಾಚಿದ್ದ ಆ ಕೆಸರಿನ ತೋಳು, ತಾನಾಗಿ ನೆಟ್ಟಗಾಗದ ಆ ನಡುಬೆರಳು ನೆನಪಾದ ದಿನ ಯಾರ ದನಿ ಮಾಡಲೂ ಮನಸ್ಸಾಗುವುದಿಲ್ಲ. 'ಮುಂದಿನ ವರ್ಷ' ಅನ್ನುವ ಮಾತನ್ನು ನಾವೆಲ್ಲ ದಿನಕ್ಕೆ ಎಷ್ಟು ಸಲ ಆಡುತ್ತೇವೋ ಏನೋ. ಒಬ್ಬರು ಅದನ್ನು ಆಡಿದ್ದಕ್ಕೆ ನನಗೆ ಅಳು ಬಂದದ್ದು ಅದೊಂದೇ ಸಲ.